ಭಾಂಡೆ, ಭಾಂಡಣ, ಭಕ್ತಿ



ಉಮರ್ಗಾ, ನಿಲಂಗಾ, ಉದಗೀರ ಕಡೆಯ ಹುಡುಗರು ಮೊದಲು ಕೆಲಸಕ್ಕೆ ಅಂತ ಪುಣೆಗೋ ಹೈದರಾಬಾದಿಗೋ ಹೋಗುತ್ತಿದ್ದರು. ಈಗ ಕೆಲವರು ದುಬೈ, ಕುವೈತ್, ಜರ್ಮನಿ, ಇಂಗ್ಲೆಂಡ್ ತನಕ ಹೋಗಿದ್ದಾರೆ. ರವಿವಾರ ಪೂಜೆ ಮುಗಿದ ಮೇಲೆ ಅವರಿಗೆ ವಿಡಿಯೋ ಕಾಲ್ ಮಾಡಿದಾಗಲೆಲ್ಲ ನಾವು ಒಂದು ಸಂಗತಿ ಗಮನಿಸಿದ್ದೇವೆ. ದೊಡ್ಡ ಕಟ್ಟಡ, ಹಿಮ, ಸಮುದ್ರದ ಮಾತು ಎರಡು ನಿಮಿಷಕ್ಕೆ ಮುಗಿಯುತ್ತದೆ. ಉಳಿದ ಅರ್ಧ ಗಂಟೆ ಅನ್ನ ಹೇಗೆ ಸೀದು ಹೋಯಿತು, ಅರಬಿ ಹೇಗೆ ಬಣ್ಣ ಬಿಟ್ಟಿತು, ಕಸ ಯಾವ ಡಬ್ಬಿಗೆ ಹಾಕಬೇಕು ಎಂಬುದೇ ಮಾತು. ಹೇಳುವವರೂ ನಗುತ್ತಾರೆ, ಕೇಳುವವರೂ ನಗುತ್ತಾರೆ.

ಈ ನಗುವಿನ ಬಗ್ಗೆ ನಮ್ಮ ಬಳಗದ ಅಭಿಪ್ರಾಯ ಇಷ್ಟು: ಪರದೇಶದಲ್ಲಿ ಮನೆಗೆಲಸ ಮಾಡುವಾಗ ಬರುವ ನಗು ದೇವರು ಕೊಟ್ಟ ವರ. ಆದರೆ ಆ ವರ ವಿಮಾನ ಇಳಿದು ಊರಿನ ಅಡಿಗೆಮನೆ ತನಕ ಬರಬೇಕು. ಅಲ್ಲಿಗೆ ಬಾರದಿದ್ದರೆ ಅದು ಬರೀ ಜೋಕು.

ಮೊದಲು ನಗುವ ಮಾತು ಮುಗಿಸೋಣ. ನಮ್ಮ ಗಡಿಯವರಿಗೆ ನಗುವುದಕ್ಕೆ ಒಂದು ಕಾರಣ ಜಾಸ್ತಿ ಇದೆ. 1956ರ ನವೆಂಬರ್ 1ರಂದು, ಅದುವರೆಗೆ ಬೀದರ್ ಜಿಲ್ಲೆಯಲ್ಲಿದ್ದ ಉದಗೀರ ಮತ್ತು ನಿಲಂಗಾ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. 1960ರಲ್ಲಿ ಅವು ಮಹಾರಾಷ್ಟ್ರದವಾದವು. ನಮ್ಮ ಅಜ್ಜಂದಿರು ಕಟ್ಟೆ ಬಿಟ್ಟು ಏಳದೆ ಹೈದರಾಬಾದ್, ಮುಂಬಯಿ, ಮಹಾರಾಷ್ಟ್ರ ಅಂತ ಮೂರು ರಾಜ್ಯ ನೋಡಿಬಿಟ್ಟರು! ಹೀಗಾಗಿ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಬಜಾರಿನಲ್ಲಿ ಹಿಂದಿ ನಮಗೆ ರೂಢಿಯಾಗಿದೆ. ಈ ಮೂರೂ ಭಾಷೆ ಪರದೇಶದ ಒಂದೇ ರೂಮಿನಲ್ಲಿ, ಒಂದೇ ಕಸಬರಿಗೆ ಹಿಡಿದು ಸೇರಿದರೆ ಏನಾಗುತ್ತದೆ ನೋಡಿ.

ಗಲ್ಫ್‌ನಲ್ಲಿರುವ ನಮ್ಮ ಕಡೆಯ ಒಬ್ಬ ತಮ್ಮ, ಡಬ್ಬಿ ಖಾಲಿ ಮಾಡುವ ಪಾಳಿ ಯಾರದು ಎಂದು ತಿಳಿಯಲು ಲಾತೂರಿನ ರೂಮ್‌ಮೇಟ್‌ನ ಕಡೆ ತಿರುಗಿ "ಕಸಾ?" ಎಂದ. ಆ ಮರಾಠಿ ಹುಡುಗ ಹಾಸಿಗೆಯಲ್ಲಿ ಮಲಗಿದಲ್ಲೇ "ಮೀ ಮಸ್ತ್! ತೂ ಕಸಾ?" ಎಂದ. ನಮಗೆ ಕಸ, ಅವನಿಗೆ ಕುಶಲ. ಆ ದಿನ ಕುಶಲ ವಿಚಾರಿಸಿದ್ದು ಆಯಿತು, ಕಸ ಅಲ್ಲೇ ಉಳಿಯಿತು.

ಅದೇ ರೂಮಿನಲ್ಲಿ ಬಿಹಾರದ ಅಣ್ಣನೊಬ್ಬ "ಝಾಡೂ ಲಗಾವ್" ಎಂದರೆ ಲಾತೂರಿನವನು ಬೇಕಂತಲೇ ಕಿಟಕಿಯಿಂದ ಕೆಳಗೆ ನೋಡುತ್ತಾನಂತೆ. ಮರಾಠಿಯಲ್ಲಿ ಝಾಡ ಅಂದರೆ ಗಿಡ. "ಈ ಮರುಭೂಮಿಯಾಗ, ಹನ್ನೊಂದನೇ ಮಾಳಿಗಿ ಮ್ಯಾಲ ಗಿಡ ಎಲ್ಲಿ ಹಚ್ಚಲಿ?" ಎಂದು ನಮ್ಮವನು ಕನ್ನಡದಲ್ಲಿ ಅದನ್ನು ಮುಂದುವರಿಸುತ್ತಾನೆ. ಬಿಹಾರದ ಅಣ್ಣನಿಗೆ ಇವರು ಯಾಕೆ ನಗುತ್ತಾರೆ ಎಂದು ತಿಳಿಯುವುದರೊಳಗೆ ಅವನೇ ಗುಡಿಸಿ ಮುಗಿಸಿರುತ್ತಾನೆ. ಭಾಷೆ ಬಲ್ಲವನಿಗೆ ಕೆಲಸ ಕಡಿಮೆ!

ಇನ್ನು ಭಾಂಡೆ. ಮರಾಠಿಯಲ್ಲಿ ಭಾಂಡಿ ಅಂದರೆ ಪಾತ್ರೆ, ಭಾಂಡಣ ಅಂದರೆ ಜಗಳ. ಈ ಎರಡು ಶಬ್ದ ಇಷ್ಟು ಹತ್ತಿರ ಯಾಕಿವೆ ಎಂಬುದು ಆರು ಜನ ಒಂದೇ ಸಿಂಕ್ ಹಂಚಿಕೊಂಡ ರೂಮಿಗೆ ಹೋದರೆ ತಾನೇ ತಿಳಿಯುತ್ತದೆ. ರಾತ್ರಿ ಸಿಂಕಿನಲ್ಲಿ ಬಿಟ್ಟ ಭಾಂಡೆ ಬೆಳಿಗ್ಗೆ ಭಾಂಡಣ ಆಗಿರುತ್ತದೆ.

ಜರ್ಮನಿಗೆ ಓದಲು ಹೋದವರ ಕಥೆ ಇನ್ನೊಂದು ಥರ. ಅಲ್ಲಿ ರವಿವಾರ ಗದ್ದಲದ ಕೆಲಸ ಮಾಡುವಂತಿಲ್ಲ. ರವಿವಾರವನ್ನು ವಿಶ್ರಾಂತಿಯ ದಿನವಾಗಿ ಕಾಪಾಡುವ ಮಾತು ಅವರ ಸಂವಿಧಾನದಲ್ಲೇ ಇದೆ. ನಮ್ಮಲ್ಲಿ ಪೂಜೆಯಿಂದ ಬಂದು ವಾರದ ಅರಬಿಯನ್ನೆಲ್ಲ ಕಲ್ಲಿಗೆ ಬಡಿಯುವ ದಿನವೇ ರವಿವಾರ. ಅಲ್ಲಿ ಖಾಲಿ ಗಾಜಿನ ಬಾಟಲಿಯನ್ನು ರವಿವಾರ ಡಬ್ಬಿಗೆ ಹಾಕಿದರೂ ಸಪ್ಪಳ ಆಗುತ್ತದೆ ಎಂದು ಪಕ್ಕದ ಮನೆಯ ಅಜ್ಜಿ ಬೈಯುತ್ತಾಳೆ. ಕಸಕ್ಕಂತೂ ಕಾಗದಕ್ಕೆ ಒಂದು, ಪ್ಯಾಕೆಟ್‌ಗಳಿಗೆ ಒಂದು, ತರಕಾರಿ ಸಿಪ್ಪೆಗೆ ಒಂದು, ಉಳಿದದ್ದಕ್ಕೆ ಇನ್ನೊಂದು ಡಬ್ಬಿ. ಚಹಾಪುಡಿ ಇರುವ ಪೊಟ್ಟಣ ಹಿಡಿದು, ಪುಡಿ ಯಾವುದಕ್ಕೆ, ದಾರ ಯಾವುದಕ್ಕೆ, ಚೀಟಿ ಯಾವುದಕ್ಕೆ ಎಂದು ಹತ್ತು ನಿಮಿಷ ನಿಂತ ಎಂ.ಎಸ್ಸಿ. ವಿದ್ಯಾರ್ಥಿ ನಮ್ಮ ಬಳಗದಲ್ಲೇ ಇದ್ದಾನೆ.

ಅವನಿಗೆ ಒಂದೇ ಒಂದು ಸಂಗತಿ ಸಲೀಸಾಗಿ ಅರ್ಥವಾಯಿತು. ಸ್ಟುಟ್‌ಗಾರ್ಟ್ ಕಡೆ ಮೆಟ್ಟಿಲು, ಅಂಗಳ ಗುಡಿಸುವ ವಾರದ ಪಾಳಿ ಇರುತ್ತದೆ. ಪಾಳಿ ಬಂದವರ ಬಾಗಿಲಿಗೆ ಒಂದು ಫಲಕ ತೂಗುಹಾಕುತ್ತಾರೆ. ಅದರ ಹೆಸರು ಕೇರ್‌ವೋಖೆ, ಅಂದರೆ ಗುಡಿಸುವ ವಾರ. ಮರಾಠಿಯಲ್ಲಿ ಕೇರ್ ಅಂದರೆ ಗುಡಿಸಿದ ಕಸ! ಆ ಭಾಷೆಗೂ ನಮ್ಮ ಭಾಷೆಗೂ ಇಲ್ಲಿ ನೆಂಟಸ್ತಿಕೆ ಹುಡುಕುವುದು ಬೇಡ, ಸುಮ್ಮನೆ ಧ್ವನಿ ಕೂಡಿ ಬಂದಿದೆ. ಆದರೂ ಮರಾಠವಾಡದ ಹುಡುಗ ಜರ್ಮನಿಯಲ್ಲಿ ಡಿಕ್ಷನರಿ ಇಲ್ಲದೆ ತಿಳಿದುಕೊಂಡ ಮೊದಲ ಶಬ್ದ ಕಸದ್ದಾಗಿತ್ತು ಎಂದರೆ ನಗು ಬರುವುದಿಲ್ಲವೇ?

ಬಟ್ಟೆಯ ವಿಷಯಕ್ಕೆ ಬಂದರೆ, ಇಂಗ್ಲೆಂಡಿನಲ್ಲಿರುವ ಒಬ್ಬ ಅಣ್ಣ ಬಿಳಿ ಅಂಗಿಯ ಜೊತೆ ಹೊಸ ಕೆಂಪು ಟವೆಲ್ ಮಷಿನ್‌ಗೆ ಹಾಕಿದ. ಅಂಗಿ ಗುಲಾಬಿ ಬಣ್ಣಕ್ಕೆ ತಿರುಗಿತು. ಬೇರೆ ಇಸ್ತ್ರಿ ಅಂಗಿ ಇರಲಿಲ್ಲ, ಅದನ್ನೇ ತೊಟ್ಟು ಚರ್ಚಿಗೆ ಹೋದ. ನೋಡಿದರೆ ಫಾದರ್ ಕೂಡ ಗುಲಾಬಿ ಬಣ್ಣದ ಪೂಜಾವಸ್ತ್ರದಲ್ಲಿ ನಿಂತಿದ್ದಾರೆ! ಅಂದು ಆಗಮನ ಕಾಲದ ಮೂರನೆಯ ರವಿವಾರ. ಆನಂದಿಸಿರಿ ಎಂದು ಧರ್ಮಸಭೆ ನಮಗೆ ಹೇಳುವ ದಿನ. ಆ ಬಣ್ಣ ಅದರ ಗುರುತು. "ಇಡೀ ಚರ್ಚಿನೊಳಗ ಫಾದರ್‌ಗ ಮ್ಯಾಚಿಂಗ್ ನಾ ಒಬ್ಬನೇ" ಎಂದು ಅವನು ಇನ್ನೂ ಹೇಳಿಕೊಳ್ಳುತ್ತಾನೆ.

ಆದರೆ ಎಲ್ಲಕ್ಕಿಂತ ಒಳ್ಳೆಯ ಮಾತು ರೊಟ್ಟಿಯದು. ಆ ಜರ್ಮನಿಯ ವಿದ್ಯಾರ್ಥಿಯೇ ಊರಿನಿಂದ ಒಯ್ದ ಜೋಳದ ಹಿಟ್ಟಿಗೆ ತಣ್ಣೀರು ಹಾಕಿ ನಾದಿದ. ಮೊದಲ ರೊಟ್ಟಿ ಬಡಿದಾಗ ಅದು ಮರಾಠವಾಡದ ನಕಾಶೆ ಆಯಿತು. ಎತ್ತಿ ಹಂಚಿಗೆ ಹಾಕುವಷ್ಟರಲ್ಲಿ ಎಂಟೂ ಜಿಲ್ಲೆ ಬೇರೆ ಬೇರೆ ಆದವು. ಬಿ.ಎಸ್ಸಿ. ಓದಿದ ನಮಗೆ ಇದರ ಕಾರಣ ಗೊತ್ತು. ಗೋಧಿಯಲ್ಲಿ ಗ್ಲುಟೆನ್ ಇರುತ್ತದೆ, ಅದು ಹಿಟ್ಟನ್ನು ಹಿಡಿದುಕೊಳ್ಳುತ್ತದೆ. ಜೋಳದಲ್ಲಿ ಅದು ಇಲ್ಲ. ಕುದಿಯುವ ಎಸರು ಹಾಕಿದಾಗ ಜೋಳದ ಪಿಷ್ಟ ಅರ್ಧ ಬೆಂದು ಅಂಟಾಗುತ್ತದೆ, ಆಗಲೇ ರೊಟ್ಟಿ ಒಡೆಯದೆ ನಿಲ್ಲುತ್ತದೆ. ನಮ್ಮ ಅವ್ವಂದಿರು ಈ ಪಾಠವನ್ನು ಯಾವ ಲ್ಯಾಬಿಗೂ ಹೋಗದೆ ದಿನಾ ಮಾಡಿ ತೋರಿಸುತ್ತಾರೆ. ನೋಡುವವರಿಗೆ ಮಾತ್ರ ಪಾಠ.

ಆ ಹುಡುಗ ಫೋನ್ ಮಾಡಿ ಕೇಳಿದ: "ಅವ್ವಾ, ನೀರು ಎಷ್ಟು ಹಾಕಬೇಕು?"

"ಹಿಟ್ಟು ಕೇಳಿದಷ್ಟು ಹಾಕಪಾ."

"ಹಿಟ್ಟು ಮಾತಾಡ್ತದೇನವ್ವಾ?"

"ಮಾತಾಡ್ತದ. ನೀ ಎಂದೂ ಬಾಜೂಕ ಕುಂತು ಕೇಳಿಲ್ಲ."

ಈ ಮಾತು ಕೇಳಿ ನಾವೆಲ್ಲ ನಕ್ಕೆವು. ಅವನೂ ನಕ್ಕ. ನಕ್ಕ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆ ತಾಯಿ ಬೈಯಲಿಲ್ಲ, ದೂರಲಿಲ್ಲ. ಇಪ್ಪತ್ತು ವರ್ಷದ ಲೆಕ್ಕವನ್ನು ಒಂದು ಸಾಲಿನಲ್ಲಿ ಹೇಳಿದಳು.

ನಾವು ಹೇಳಬೇಕೆಂದಿರುವುದೂ ಇದೇ. ಹುಡುಗ ಕಸ ಹೊಡೆದರೆ ನಗು ಯಾಕೆ ಬರುತ್ತದೆ? ಅವನ ಅಕ್ಕ ಅದೇ ಕಸಬರಿಗೆ ಹಿಡಿದರೆ ಯಾರೂ ನಗುವುದಿಲ್ಲ, ಯಾರೂ ನೋಡುವುದೂ ಇಲ್ಲ. ರೂಢಿ ತಲೆಕೆಳಗಾದಾಗ ನಗು ಹುಟ್ಟುತ್ತದೆ. ಹಾಗಾದರೆ ಈ ನಗು ಹುಡುಗನ ಕಡೆ ಅಲ್ಲ, ರೂಢಿಯ ಕಡೆ ಬೆರಳು ಮಾಡುತ್ತಿದೆ.

ಕೇಂದ್ರ ಸರ್ಕಾರ 2019ರಲ್ಲಿ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಆರು ವರ್ಷ ಮೇಲ್ಪಟ್ಟವರಲ್ಲಿ ಒಂದು ದಿನದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡಿದ ಹೆಂಗಸರು ನೂರಕ್ಕೆ 81, ಗಂಡಸರು ನೂರಕ್ಕೆ 26. ಮಾಡಿದವರಲ್ಲೂ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ದುಡಿದರೆ ಗಂಡಸರು 97 ನಿಮಿಷ. 299 ನಿಮಿಷ ಅಂದರೆ ಒಂದು ನಿಮಿಷ ಕಡಿಮೆ ಐದು ತಾಸು. ಹೊಲದ ಕೆಲಸ, ಕೂಲಿ, ನೌಕರಿ ಇದರಲ್ಲಿ ಸೇರಿಲ್ಲ.

ಬೈಬಲ್ ಏನು ಹೇಳುತ್ತದೆ ಎಂದು ಕೇಳಿದರೆ ಕೆಲವರು ತಕ್ಷಣ ಮಾರ್ತಾಳ ಕಥೆ ಎತ್ತುತ್ತಾರೆ. ಲೂಕನ ಶುಭಸಂದೇಶದ ಹತ್ತನೇ ಅಧ್ಯಾಯದಲ್ಲಿ ಮರಿಯಳು ಯೇಸುವಿನ ಪಾದದ ಬಳಿ ಕುಳಿತಳು, ಮಾರ್ತಾ ಅಡಿಗೆಮನೆಯಲ್ಲಿ ತಡಬಡಿಸಿದಳು, ಆದ್ದರಿಂದ ಮನೆಗೆಲಸ ಸಣ್ಣದು ಎಂದು ಅವರ ವಾದ. ನಾವು ಹಾಗೆ ಓದುವುದಿಲ್ಲ. ಯೇಸುಸ್ವಾಮಿ ಮಾರ್ತಾಳ ಚಿಂತೆಯನ್ನು ತಿದ್ದಿದರು, ಒಲೆ ಆರಿಸು ಎನ್ನಲಿಲ್ಲ. ಯೊವಾನ್ನನ ಶುಭಸಂದೇಶದ ಕೊನೆಯ ಅಧ್ಯಾಯ ನೋಡಿ. ಸಾವನ್ನು ಗೆದ್ದು ಎದ್ದು ಬಂದ ಪ್ರಭು ಸರೋವರದ ದಡದಲ್ಲಿ ಕೆಂಡ ಮಾಡಿ, ಮೀನು ಸುಟ್ಟು, ರೊಟ್ಟಿ ಇಟ್ಟು, ದಣಿದ ಶಿಷ್ಯರನ್ನು ಊಟಕ್ಕೆ ಕರೆಯುತ್ತಾರೆ. ಪುನರುತ್ಥಾನದ ಮಹಿಮೆ ಹೊತ್ತವರು ನಾಷ್ಟಾ ಮಾಡಿ ಬಡಿಸಿದರು!

ಪವಿತ್ರ ಗುರುವಾರ ನಾವು ನೆನೆಯುವ ಪಾದ ತೊಳೆಯುವ ಕಥೆಯಲ್ಲಿ ನಗುವೂ ಇದೆ. ಪಾದ ತೊಳೆಯುವುದು ಆ ಕಾಲದಲ್ಲಿ ಮನೆಯ ಆಳಿನ ಕೆಲಸ. ಗುರುಗಳು ಬಟ್ಟಲು ಹಿಡಿದು ಬಂದಾಗ ಪೇತ್ರ ಮೊದಲು ಬೇಡವೇ ಬೇಡ ಎನ್ನುತ್ತಾನೆ. ಆಮೇಲೆ ಕಾಲಷ್ಟೇ ಯಾಕೆ, ಕೈ ತಲೆ ಎಲ್ಲ ತೊಳೆಯಿರಿ ಎನ್ನುತ್ತಾನೆ. ಕೆಲಸಕ್ಕೆ ನಾಚುವುದು, ಆಮೇಲೆ ಅತಿಯಾಗಿ ಮಾಡುವುದು, ಎರಡೂ ನಮ್ಮ ಹುಡುಗರ ಗುಣವೇ. ಆದರೂ ಅದೇ ಪೇತ್ರನನ್ನು ಪ್ರಭು ಧರ್ಮಸಭೆಗೆ ಬಂಡೆ ಮಾಡಿದರು.

ಸಂತರೂ ಇದನ್ನು ಬಲ್ಲವರು. ಪ್ಯಾರಿಸ್ಸಿನ ಕಾರ್ಮೆಲ್ ಮಠದಲ್ಲಿ ಬ್ರದರ್ ಲಾರೆನ್ಸ್ ಎಂಬ ಸಾಧಾರಣ ಸಹೋದರರಿದ್ದರು. ಅವರ ಮೊದಲ ಹೆಸರು ನಿಕೊಲಾ ಹೆರ್ಮಾನ್. ಸೈನಿಕರಾಗಿದ್ದು ಕಾಲಿಗೆ ಪೆಟ್ಟು ತಿಂದವರು. ಹಿಂದೆ ಒಬ್ಬ ಸಾಹುಕಾರರ ಮನೆಯಲ್ಲಿ ಆಳಾಗಿದ್ದಾಗ ಕೈಗೆ ಸಿಕ್ಕಿದ್ದನ್ನೆಲ್ಲ ಒಡೆಯುವ ಒಡ್ಡ ತಾನು ಎಂದು ಅವರೇ ತಮ್ಮ ಬಗ್ಗೆ ಹೇಳಿಕೊಂಡಿದ್ದರು. ಅಂಥವರನ್ನು ಮಠದವರು ಅಡಿಗೆಮನೆಗೇ ಹಾಕಿದರು! ಆ ಕೆಲಸ ಅವರಿಗೆ ಮನಸ್ಸಿಗೆ ಒಗ್ಗದ್ದು. ಆದರೂ ಪಾತ್ರೆಗಳ ನಡುವೆಯೇ ದೇವರ ಸನ್ನಿಧಿಯಲ್ಲಿ ಬದುಕುವುದನ್ನು ಕಲಿತರು. 1691ರಲ್ಲಿ ತೀರಿಕೊಂಡ ಆ ಅಡಿಗೆಯ ಸಹೋದರರ ಮಾತುಗಳನ್ನು ಇಂದಿಗೂ ಲೋಕ ಓದುತ್ತದೆ.

ಪೆರು ದೇಶದ ಲೀಮಾದ ಸಂತ ಮಾರ್ಟಿನ್ ದೆ ಪೋರೆಸ್ ಅವರ ಚಿತ್ರ ನೋಡಿದ್ದೀರಾ? ಕೈಯಲ್ಲಿ ಕಸಬರಿಗೆ ಇರುತ್ತದೆ. ಕಪ್ಪು ತಾಯಿಯ ಮಗ ಎಂಬ ಕಾರಣಕ್ಕೆ ಮಠದಲ್ಲಿ ಅವರಿಗೆ ಮೊದಲು ಸಿಕ್ಕಿದ್ದು ಸೇವಕನ ಜಾಗ. ಜನ ಅವರನ್ನು ಕಸಬರಿಗೆಯ ಸಹೋದರ ಎಂದೇ ಕರೆದರು. 1962ರಲ್ಲಿ ಇಪ್ಪತ್ಮೂರನೇ ಯೊವಾನ್ನ ಪೋಪರು ಅವರನ್ನು ಸಂತ ಪದವಿಗೆ ಏರಿಸಿದಾಗ ಆ ಕಸಬರಿಗೆಯೂ ಪೀಠ ಏರಿತು. ಬಾಲಯೇಸುವಿನ ಸಂತ ತೆರೇಸಮ್ಮನವರು ಮಠದಲ್ಲಿ ಬಟ್ಟೆ ಒಗೆಯುವಾಗ ಎದುರಿಗಿದ್ದ ಸಿಸ್ಟರ್ ಕೊಳೆ ನೀರನ್ನು ಇವರ ಮುಖಕ್ಕೇ ಸಿಡಿಸುತ್ತಿದ್ದರಂತೆ. ಹಿಂದೆ ಸರಿದು ಮುಖ ಒರೆಸಿಕೊಂಡು ತೋರಿಸಬೇಕು ಅನ್ನಿಸಿತು, ಆದರೆ ತಡೆದುಕೊಂಡರು. ಕೊನೆಗೆ ಆ ಹೊಸ ಥರದ ಪ್ರೋಕ್ಷಣೆ ಅವರಿಗೆ ಇಷ್ಟವೂ ಆಯಿತು ಎಂದು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಪೋಪ್ ಫ್ರಾನ್ಸಿಸ್ ಅವರು ಪವಿತ್ರತೆಯ ಕರೆಯ ಬಗ್ಗೆ 2018ರಲ್ಲಿ ಬರೆದ ಪತ್ರದಲ್ಲಿ ಸಂತೋಷ ಮತ್ತು ಹಾಸ್ಯಪ್ರಜ್ಞೆಯನ್ನು ಪವಿತ್ರ ಜೀವನದ ಗುರುತುಗಳಲ್ಲಿ ಎಣಿಸಿದರು. ತನ್ನನ್ನೇ ನೋಡಿ ನಗಬಲ್ಲವನಿಗೆ ಅಹಂಕಾರ ಇಳಿಯುತ್ತದೆ. ಸಿಂಕಿನ ಮುಂದೆ ನಿಂತವನಿಗೆ ಅದು ಬೇಗ ಇಳಿಯುತ್ತದೆ.

ಆದರೆ ನಗು ಎಲ್ಲಿ ನಿಲ್ಲಬೇಕು ಎಂಬುದೂ ಗೊತ್ತಿರಬೇಕು. ಪರದೇಶದಲ್ಲಿ ತನ್ನ ಅಂಗಿ ತಾನು ಒಗೆಯುವುದು ಬೇರೆ, ಇನ್ನೊಬ್ಬರ ಮನೆಯ ಅಂಗಿ ಒಗೆಯಲು ಹೋಗುವುದು ಬೇರೆ. ನಮ್ಮ ದೇಶದ ಎಷ್ಟೋ ಅಕ್ಕಂದಿರು ಮನೆಗೆಲಸಕ್ಕೆಂದೇ ಗಲ್ಫ್‌ಗೆ ಹೋಗುತ್ತಾರೆ. ಪಾಸ್‌ಪೋರ್ಟ್ ಮಾಲೀಕರ ಕೈಯಲ್ಲಿ, ರಜೆ ಅವರ ಮನಸ್ಸಿನಲ್ಲಿ ಇದ್ದರೆ ಅಲ್ಲಿ ನಗು ಎಲ್ಲಿಂದ ಬರಬೇಕು? ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರ ಜೂನ್‌ನಲ್ಲಿ ಮನೆಗೆಲಸದವರಿಗಾಗಿಯೇ 189ನೇ ಒಪ್ಪಂದ ತಂದಿತು. ವಾರಕ್ಕೆ ಕನಿಷ್ಠ ಸತತ 24 ತಾಸಿನ ಬಿಡುವು ಇರಬೇಕು, ಪಾಸ್‌ಪೋರ್ಟ್ ಅವರ ಕೈಯಲ್ಲೇ ಇರಬೇಕು ಎಂದು ಅದು ಹೇಳುತ್ತದೆ. ಭಾರತ ಅದನ್ನು ಇನ್ನೂ ಅಂಗೀಕರಿಸಿಲ್ಲ. ನಮ್ಮ ಸರ್ಕಾರದ ನಿಯಮದಂತೆ ಗಲ್ಫ್ ಮುಂತಾದ ದೇಶಗಳಿಗೆ ಮನೆಗೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ 30 ವರ್ಷ ಆಗಿರಬೇಕು, ಇ-ಮೈಗ್ರೇಟ್ ಮೂಲಕ ಅನುಮತಿ ಪಡೆದು ಹೋಗಬೇಕು. ಯಾರಾದರೂ ಏಜೆಂಟ್ "ವಿಸಿಟ್ ವೀಸಾ ಮ್ಯಾಲ ಹೋಗ್ರಿ, ಆಮ್ಯಾಲ ನೋಡೋಣ" ಎಂದರೆ ಆ ಮಾತನ್ನು ನಂಬಬೇಡಿ. ಕೆಲಸದ ಕರಾರು ಓದಿಸಿಕೊಳ್ಳದೆ ಸಹಿ ಮಾಡಬೇಡಿ. ಪಾಸ್‌ಪೋರ್ಟ್ ಮತ್ತು ಕರಾರಿನ ಪ್ರತಿ ಮನೆಯಲ್ಲಿ ಇಟ್ಟು ಹೋಗಿ. ಓದಿ ಹೇಳುವವರು ಬೇಕಾದರೆ ನಮ್ಮ ಬಳಗದವರು ಇದ್ದೇವೆ.

ಈಗ ಊರಿನ ಮನೆಗೆ ಬರೋಣ. ಎರಡು ವರ್ಷ ಅಲ್ಲಿ ತನ್ನ ತಾಟು ತಾನೇ ತೊಳೆದ ಹುಡುಗ ರಜೆಗೆ ಬರುತ್ತಾನೆ. ಮೊದಲ ದಿನ ಊಟ ಮಾಡಿ ತಾಟಿನಲ್ಲೇ ಕೈ ತೊಳೆದು ಎದ್ದು ಹೋಗುತ್ತಾನೆ. ಕಲಿತದ್ದನ್ನೆಲ್ಲ ಏರ್‌ಪೋರ್ಟಿನಲ್ಲಿ ಬಿಟ್ಟು ಬಂದನೋ ಏನೋ! ಒಮ್ಮೊಮ್ಮೆ ಅವನು ತಾಟು ಎತ್ತಲು ಹೋದರೂ "ಇರಲಿ ಬಿಡಪಾ, ನಾಲ್ಕು ದಿನಕ್ಕ ಬಂದಿ" ಎಂದು ಮನೆಯವರೇ ಕಿತ್ತುಕೊಳ್ಳುತ್ತಾರೆ. ತಾಯಿಯ ಪ್ರೀತಿಗೆ ನಾವು ಅಡ್ಡ ಹೇಳುವುದಿಲ್ಲ. ಆದರೆ ಅವ್ವಂದಿರೇ, ಆ ತಾಟು ಅವನ ಕೈಯಲ್ಲಿ ಬಿಡಿ. ಅವನು ನಿಮಗೆ ತಂದ ಉಡುಗೊರೆಗಳಲ್ಲಿ ಅದೂ ಒಂದು.

ನಮ್ಮ ಸಲಹೆ ಮೂರು. ಒಂದು, ಹೊರಗೆ ಓದಲು ಅಥವಾ ದುಡಿಯಲು ಹೋಗುವ ಪ್ರತಿ ಮಗನೂ ಮಗಳೂ ಬ್ಯಾಗು ತುಂಬುವ ಮೊದಲು ಅನ್ನ, ಬೇಳೆ, ರೊಟ್ಟಿ ಮಾಡಲು, ಅರಬಿ ಒಗೆಯಲು, ಸಂಡಾಸು ತೊಳೆಯಲು ಕಲಿತಿರಬೇಕು. ಬೇಸಿಗೆಯ ಧರ್ಮೋಪದೇಶದ ತರಗತಿಯ ಜೊತೆ ಒಂದು ದಿನ ಹುಡುಗರೇ ಎಲ್ಲರಿಗೂ ಅಡಿಗೆ ಮಾಡಿ ಭಾಂಡೆ ತಿಕ್ಕಲಿ. ಎರಡು, ಚರ್ಚಿನ ಹಬ್ಬದ ಊಟದ ನಂತರ ಗುಡಿಸುವ ಪಾಳಿ ಅಕ್ಕತಂಗಿಯರಿಗೆ ಮಾತ್ರ ಇರದೆ ಎಲ್ಲರಿಗೂ ಇರಲಿ. ಮೂರು, ಕೆಲಸ ಮಾಡುವ ಹುಡುಗನಿಗೆ "ಹೆಂಗಸಾದಿಯೇನೋ" ಎಂದು ಯಾರಾದರೂ ಅಂದರೆ, ಪಾದ ತೊಳೆದವರ ಶಿಷ್ಯನಾಗಿದ್ದೇನೆ ಎಂದು ನಗುತ್ತಲೇ ಉತ್ತರ ಕೊಡಲಿ.

ಹೊರದೇಶದಲ್ಲಿರುವ ನಮ್ಮ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ನಿಮ್ಮ ಸೀದ ಅನ್ನದ, ಒಡೆದ ರೊಟ್ಟಿಯ ಸುದ್ದಿ ಕಳಿಸುತ್ತಿರಿ, ನಾವು ಹೊಟ್ಟೆ ತುಂಬ ನಗುತ್ತೇವೆ. ರಜೆಗೆ ಬಂದಾಗ ಅವ್ವನ ಬಾಜೂಕ ಒಂದು ಸಂಜೆ ಕುಳಿತುಕೊಳ್ಳಿ. ಹಿಟ್ಟು ಏನು ಹೇಳುತ್ತದೆ ಎಂದು ಕೇಳಿಸಿಕೊಳ್ಳಿ. ಆಮೇಲೆ ಅವ್ವನನ್ನು ಎಬ್ಬಿಸಿ ಕಟ್ಟೆಗೆ ಕಳಿಸಿ, ಉಳಿದ ರೊಟ್ಟಿ ನೀವೇ ಬಡಿಯಿರಿ. ಆಕಾರ ಹೇಗೇ ಬರಲಿ, ಆ ದಿನ ಆಕೆ ಬಿಸಿ ರೊಟ್ಟಿ ತಿನ್ನಲಿ.

ಪ್ರಭುವಿನ ಶಾಂತಿ ನಿಮ್ಮ ಮನೆಯಲ್ಲಿರಲಿ.

ನಿಮ್ಮ ಯುವ ಬಳಗ